ಅಪ್ಪನ ಚೇತಕ್‌ಗೆ ಇಟಲಿಯ ಕಿಟ್: ಎಷ್ಟು ನಂಬಬಹುದು?

ಮಣಿಪಾಲದ ಕಾಲೇಜು ಪಾರ್ಕಿಂಗ್‌ಗಳಲ್ಲಿ, ಭಾನುವಾರ ಸಂಜೆ ಕಾಪು ದೀಪಸ್ತಂಭದ ಬಳಿ, ಕಾರ್ಕಳದ ಪೇಟೆಯಲ್ಲಿ ಈಗ ಅಲ್ಲೊಂದು ಇಲ್ಲೊಂದು ಹಳೆಯ ಗೇರ್ ಸ್ಕೂಟರ್ ಮತ್ತೆ ಕಾಣಿಸುತ್ತಿದೆ. ಬಜಾಜ್ ಚೇತಕ್, ಬಜಾಜ್ ಸೂಪರ್, ಎಲ್‌ಎಂಎಲ್ ಎನ್‌ವಿ, ಅಪರೂಪಕ್ಕೊಂದು ಲ್ಯಾಂಬ್ರೆಟಾ. ಓಡಿಸುವವರ ವಯಸ್ಸು ನೋಡಿದರೆ ಹೆಚ್ಚಿನವರು ಸ್ಕೂಟರ್‌ಗಿಂತ ಚಿಕ್ಕವರು. ಅಪ್ಪನದ್ದೋ ಅಜ್ಜನದ್ದೋ ಗಾಡಿ, ಹಿತ್ತಿಲ ಶೆಡ್ಡಿನಲ್ಲಿ ಹತ್ತು ವರ್ಷ ಮಲಗಿದ್ದನ್ನು ಎಬ್ಬಿಸಿ, ಬಣ್ಣ ಹೊಡೆಸಿ, ಸೀಟು ಹೊಲಿಸಿ ರಸ್ತೆಗೆ ಇಳಿಸಿದ್ದಾರೆ.

ಬಣ್ಣದ ಹಂತ ಮುಗಿದ ಮೇಲೆ ಬರುವ ಪ್ರಶ್ನೆ ಇಂಜಿನ್‌ದು. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ಇಬ್ಬರು ಕುಳಿತರೆ ಚೇತಕ್ ಎರಡನೇ ಗೇರ್ ಕೇಳುತ್ತದೆ. ಪಕ್ಕದಲ್ಲಿ ಹೊಸ ಸ್ಕೂಟರ್ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಆಗ ಮೊಬೈಲ್‌ನಲ್ಲಿ ಹುಡುಕಾಟ ಶುರು: ದೊಡ್ಡ ಬೋರಿನ ಸಿಲಿಂಡರ್ ಕಿಟ್, ಎಕ್ಸ್‌ಪ್ಯಾನ್ಶನ್ ಸೈಲೆನ್ಸರ್, ಕಾರ್ಬುರೇಟರ್ ಜೆಟ್, ಎಲೆಕ್ಟ್ರಾನಿಕ್ ಇಗ್ನಿಷನ್. ಈ ಬಿಡಿಭಾಗಗಳನ್ನು ಎಷ್ಟು ನಂಬಬಹುದು ಎನ್ನುವುದು ಕೇವಲ ಹವ್ಯಾಸಿಗಳ ತಲೆಬಿಸಿ ಎಂದುಕೊಳ್ಳುವಂತಿಲ್ಲ. ಕಳೆದ ನಾಲ್ಕೈದು ವರ್ಷಗಳಲ್ಲಿ ಪೆಟ್ರೋಲ್ ಬದಲಾಗಿದೆ, ಆರ್‌ಟಿಒ ಶುಲ್ಕ ಬದಲಾಗಿದೆ, ಜಿಎಸ್‌ಟಿ ಬದಲಾಗಿದೆ. ಕಾಲೇಜು ಹುಡುಗನೊಬ್ಬ ಉಳಿಸಿದ ಪಾಕೆಟ್ ಮನಿಯನ್ನು ಒಂದು ಕಿಟ್ ಮೇಲೆ ಹಾಕುವ ಮೊದಲು ಇವೆಲ್ಲ ಲೆಕ್ಕಕ್ಕೆ ಬರಬೇಕು.

ಮೊದಲಿಗೆ, ಈ ಗಾಡಿಗಳಿಗೆ ಹಿಂದೆ ನಿಲ್ಲುವ ಕಂಪೆನಿಯೇ ಇಲ್ಲ ಎನ್ನುವುದನ್ನು ನೆನಪಿಡಬೇಕು. ಚೇತಕ್ ಬಂದದ್ದು 1972ರಲ್ಲಿ. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಕಾಲ ಅದು. ವಿದೇಶಿ ವಿನಿಮಯದಲ್ಲಿ ಹಣ ಕಟ್ಟಿದರೆ ಸರದಿ ಮೀರಿ ಬೇಗ ಸಿಗುತ್ತಿತ್ತು. ಗಲ್ಫ್‌ನಲ್ಲಿ ಮಗನಿದ್ದ ನಮ್ಮ ಕರಾವಳಿಯ ಮನೆಗಳಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಸ್ಕೂಟರ್ ತಯಾರಿಕೆಯನ್ನೇ ಬಿಡುವುದಾಗಿ ಬಜಾಜ್ ಪ್ರಕಟಿಸಿದ್ದು 2009ರ ಡಿಸೆಂಬರ್‌ನಲ್ಲಿ. ಈಗಿನ ಚೇತಕ್ ಹೆಸರಿನ ಎಲೆಕ್ಟ್ರಿಕ್ ಸ್ಕೂಟರ್‌ಗೂ ಹಳೆಯದಕ್ಕೂ ಹೆಸರೊಂದೇ ಸಂಬಂಧ. ಕಾನ್ಪುರದ ಎಲ್‌ಎಂಎಲ್ ದಿವಾಳಿಯಾಗಿ ಮುಚ್ಚಿತು. ಇಟಲಿಯಿಂದ ಲ್ಯಾಂಬ್ರೆಟಾ ಯಂತ್ರಗಳನ್ನೇ ಕೊಂಡು ತಂದು ವಿಜಯ್ ಸೂಪರ್ ಮಾಡಿದ ಲಖನೌದ ಸರಕಾರಿ ಸ್ಕೂಟರ್ಸ್ ಇಂಡಿಯಾವನ್ನು ಮುಚ್ಚಲು ಕೇಂದ್ರ ಸಂಪುಟ 2021ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಬಾಗಿಲು ಹಾಕಿತ್ತು. ಯೆಜ್ಡಿ ಇಟ್ಟುಕೊಂಡವರಿಗೂ ಇದೇ ಕಥೆ.

ಹೀಗಾಗಿ ಈಗ ಅಂಗಡಿಯಲ್ಲಿ "ಒರಿಜಿನಲ್" ಎಂದು ಕೊಡುವುದರಲ್ಲಿ ಮೂರ್ನಾಲ್ಕು ಜಾತಿ ಇದೆ. ಕಂಪೆನಿ ಇದ್ದಾಗಿನ ಹಳೆ ಸ್ಟಾಕ್ ಒಂದು. ಅದು ದಿನೇ ದಿನೇ ಕರಗುತ್ತಿದೆ. ಇನ್ನೊಂದು, ಗೋಯೆಟ್ಜೆ, ಉಷಾ ಮುಂತಾದ ಹೆಸರಿರುವ ಪಿಸ್ಟನ್-ರಿಂಗ್ ತಯಾರಕರು ಮಾಡಿದ್ದು. ಗೋಯೆಟ್ಜೆಯ ಕಾರ್ಖಾನೆ ನಮ್ಮ ಬೆಂಗಳೂರಿನ ಯಲಹಂಕದಲ್ಲೇ ಇದೆ. ಮೂರನೆಯದು, ಊರು-ಹೆಸರು ಇಲ್ಲದ ರಟ್ಟಿನ ಪೆಟ್ಟಿಗೆಯ ಮಾಲು; ಪಿಸ್ಟನ್ ತಲೆಯ ಮೇಲೆ ಒಂದು ಬಾಣದ ಗುರುತು, ಒಂದು ಸೈಜು, ಅಷ್ಟೇ. ನಾಲ್ಕನೆಯದು ಅತಿ ಕೆಟ್ಟದ್ದು: ಹೆಸರಿರುವ ಕಂಪೆನಿಯ ಪೆಟ್ಟಿಗೆಯನ್ನೇ ನಕಲು ಮಾಡಿ ಒಳಗೆ ಮೂರನೆಯ ಜಾತಿಯದ್ದನ್ನು ಇಟ್ಟದ್ದು. ಇವೆಲ್ಲದರ ಮೇಲೆ ಟ್ಯೂನಿಂಗ್ ಕಿಟ್‌ಗಳು ಬರುತ್ತವೆ. ಇಟಲಿಯ ಮಲೋಸಿ, ಪೊಲಿನಿ, ಪಿನಾಸ್ಕೊ ಮೊದಲಾದ ಕಂಪೆನಿಗಳು ವೆಸ್ಪಾಗೆಂದು ದಶಕಗಳಿಂದ ಇವನ್ನು ಮಾಡುತ್ತಿವೆ. ಸುಂಕ, ಕೊರಿಯರ್ ಸೇರಿದರೆ ಬೆಲೆ ಹತ್ತಾರು ಸಾವಿರಕ್ಕೆ ಏರುತ್ತದೆ. ಅದನ್ನು ನೋಡಿ ನಮ್ಮಲ್ಲೇ ಎಲ್ಲೋ ಒಂದು ಕಡೆ ಎರಕ ಹೊಯ್ದು, ಕಾಲುಭಾಗ ಬೆಲೆಗೆ "ಇಟಾಲಿಯನ್ ಟೈಪ್" ಎಂದು ಮಾರುವವರೂ ಇದ್ದಾರೆ.

ಕಿಟ್ ಎಂದರೆ ಏನು ಎಂದು ಸ್ವಲ್ಪ ಲೆಕ್ಕ ಹಾಕೋಣ. ಚೇತಕ್ ಇಂಜಿನ್‌ನ ಬೋರ್ 57 ಮಿ.ಮೀ., ಸ್ಟ್ರೋಕ್ ಕೂಡ 57 ಮಿ.ಮೀ. ಗುಣಿಸಿದರೆ 145.45 ಸಿಸಿ. ಎಲ್‌ಎಂಎಲ್‌ನದ್ದು ಬೋರ್ 57.8, ಸುಮಾರು 150 ಸಿಸಿ. ಜನಪ್ರಿಯ 177 ಸಿಸಿ ಕಿಟ್‌ನ ಬೋರ್ 63 ಮಿ.ಮೀ. ಸ್ಟ್ರೋಕ್ ಹಾಗೇ ಇರುತ್ತದೆ. ಅಂದರೆ ಚೇತಕ್‌ಗೆ ಹೋಲಿಸಿದರೆ ಶೇ. 22ರಷ್ಟು ಹೆಚ್ಚು ಇಂಧನ ಒಂದೊಂದು ಸುತ್ತಿಗೂ ಉರಿಯಬಹುದು, ಅಷ್ಟೇ ಹೆಚ್ಚು ಬಿಸಿ ಹುಟ್ಟಬಹುದು. ಆ ಬಿಸಿಯನ್ನು ಹೊರಗೆ ಹಾಕುವ ಫ್ಯಾನ್ ಮಾತ್ರ ಹಳೆಯದೇ, ಫ್ಲೈವೀಲ್‌ಗೆ ಅಂಟಿಕೊಂಡದ್ದು. ಕ್ಲಚ್ ಹಳೆಯದೇ. ಬ್ರೇಕ್ ಅದೇ ಡ್ರಮ್, ಚಕ್ರ ಅದೇ ಹತ್ತಿಂಚಿನದು.

ಇಟಲಿಯ ಒಳ್ಳೆಯ ಕಿಟ್ ಕೂಡ "ಹಾಕಿದರೆ ಆಯಿತು" ಎನ್ನುವ ವಸ್ತು ಅಲ್ಲ ಎನ್ನುವುದು ಇಲ್ಲಿ ಅರ್ಥವಾಗಬೇಕು. ಅದರ ಜತೆ ಕಾರ್ಬುರೇಟರ್‌ನ ಮೇನ್ ಜೆಟ್ ದೊಡ್ಡದು ಮಾಡಬೇಕು, ಇಗ್ನಿಷನ್ ಟೈಮಿಂಗ್ ತಯಾರಕರು ಹೇಳಿದಷ್ಟು ಹಿಂದಕ್ಕೆ ತರಬೇಕು, ಸಿಲಿಂಡರ್‌ನ ಪೋರ್ಟ್‌ಗಳು ಇಂಜಿನ್ ಕೇಸಿಂಗ್‌ನ ಪೋರ್ಟ್‌ಗಳಿಗೆ ಹೊಂದುತ್ತವೆಯೇ ನೋಡಬೇಕು. ಈ ಕಿಟ್‌ಗಳು ಮೂಲತಃ ಇಟಲಿಯ ಪಿಎಕ್ಸ್ ವೆಸ್ಪಾಗೆಂದು ರೂಪಿಸಿದವು. ಎಲ್‌ಎಂಎಲ್ ಎನ್‌ವಿ ಅದೇ ಕುಟುಂಬದ್ದು. ಚೇತಕ್ ಅದಕ್ಕಿಂತ ಹಳೆಯ ವೆಸ್ಪಾದ ತಳಿ. "ಚೇತಕ್, ಎಲ್‌ಎಂಎಲ್, ವೆಸ್ಪಾ ಎಲ್ಲದಕ್ಕೂ ಕೂರುತ್ತದೆ" ಎಂದು ಬರೆದು ಮಾರುವ ಕಿಟ್ ಕಂಡರೆ ಅಲ್ಲೇ ಅನುಮಾನ ಪಡಬೇಕು. ಬೋಲ್ಟ್ ಕೂರುವುದು ಬೇರೆ, ಗಾಳಿ ಹರಿಯುವುದು ಬೇರೆ.

ಈ ತಳಿಯ ಬಹುಪಾಲು ಇಂಜಿನ್‌ಗಳಲ್ಲಿ ಇನ್ನೊಂದು ವಿಶೇಷ ಇದೆ. ಇಂಧನ ಒಳಗೆ ಬರುವ ಬಾಗಿಲನ್ನು ತೆರೆದು ಮುಚ್ಚುವುದು ಕ್ರ್ಯಾಂಕ್‌ನ ತಟ್ಟೆಯೇ. ಕೇಸಿಂಗ್‌ನ ಒಂದು ನಯವಾದ ಪಟ್ಟಿಯ ಮೇಲೆ ಕೂದಲೆಳೆಯ ಅಂತರದಲ್ಲಿ ಅದು ತಿರುಗುತ್ತಿರುತ್ತದೆ. ಅಗ್ಗದ ಕ್ರ್ಯಾಂಕ್ ಸ್ವಲ್ಪ ಓರೆಯಾಗಿದ್ದರೆ ಆ ಪಟ್ಟಿ ಗೀರಿ ಹೋಗುತ್ತದೆ. ಆಮೇಲೆ ಹಾಳಾದದ್ದು ಬಿಡಿಭಾಗ ಅಲ್ಲ, ಇಂಜಿನ್ ನಂಬರ್ ಇರುವ ಕೇಸಿಂಗ್. ಆರ್‌ಸಿಯಲ್ಲಿ ಬರೆದ ನಂಬರ್ ಅದು, ಅಂಗಡಿಯಲ್ಲಿ ಸಿಗುವುದಲ್ಲ.

ಕೂದಲಿಗಿಂತ ಸಣ್ಣ ವ್ಯತ್ಯಾಸ

ಅಗ್ಗದ ಪಿಸ್ಟನ್ ಮತ್ತು ಒಳ್ಳೆಯ ಪಿಸ್ಟನ್ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಎರಡೂ ಅಲ್ಯೂಮಿನಿಯಂ, ಎರಡೂ ಹೊಳೆಯುತ್ತವೆ, ಎರಡರ ಸೈಜೂ ಒಂದೇ. ಆದರೆ ಪಿಸ್ಟನ್‌ಗೆ ಬಳಸುವ ಅಲ್ಯೂಮಿನಿಯಂಗೆ ಸಿಲಿಕಾನ್ ಬೆರೆಸಿರುತ್ತಾರೆ. ಯಾಕೆಂದರೆ ಶುದ್ಧ ಅಲ್ಯೂಮಿನಿಯಂ ಬಿಸಿಗೆ ತುಂಬಾ ಹಿಗ್ಗುತ್ತದೆ. ಸುತ್ತಲಿನ ಎರಕದ ಕಬ್ಬಿಣದ ಸಿಲಿಂಡರ್ ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ಪಿಯುಸಿ ಫಿಸಿಕ್ಸ್ ಸಾಕು ಈ ಲೆಕ್ಕಕ್ಕೆ: 57 ಮಿ.ಮೀ. ವ್ಯಾಸದ ತುಂಡು 150 ಡಿಗ್ರಿ ಹೆಚ್ಚು ಬಿಸಿಯಾದರೆ, ಮಾಮೂಲಿ ಅಲ್ಯೂಮಿನಿಯಂ ಆದರೆ ಸುಮಾರು 0.20 ಮಿ.ಮೀ. ಹಿಗ್ಗುತ್ತದೆ, ಸರಿಯಾಗಿ ಸಿಲಿಕಾನ್ ಬೆರೆಸಿದ್ದು ಸುಮಾರು 0.17. ವ್ಯತ್ಯಾಸ 0.03 ಮಿ.ಮೀ. ನಮ್ಮ ತಲೆಗೂದಲಿಗಿಂತ ತೆಳು.

ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಬಿಡುವ ಜಾಗವನ್ನು ಅಳೆಯುವುದೂ ಮಿಲಿಮೀಟರಿನ ನೂರನೇ ಭಾಗಗಳಲ್ಲೇ. ಲೇತ್‌ನವರು ಹೊಸ ಪಿಸ್ಟನ್‌ಗೆ ಸರಿಯಾಗಿ ಬೋರ್ ಮಾಡಿ ಕೊಟ್ಟಿದ್ದರೂ, ಪಿಸ್ಟನ್ ಒಳಗೇ ಮಿಶ್ರಣ ಸರಿಯಿಲ್ಲದಿದ್ದರೆ ಆ ಜಾಗ ಬಿಸಿಯಲ್ಲಿ ಮುಗಿದುಹೋಗುತ್ತದೆ. ಎಣ್ಣೆಯ ಪದರ ಹರಿಯುತ್ತದೆ, ಲೋಹಕ್ಕೆ ಲೋಹ ಕಚ್ಚುತ್ತದೆ. ನಮ್ಮ ಗ್ಯಾರೇಜ್ ಭಾಷೆಯಲ್ಲಿ "ಪಿಸ್ಟನ್ ಹಿಡಿಯಿತು". ಮನೆಯಂಗಳದಲ್ಲಿ ಕಿಕ್ ಹೊಡೆದು ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಇದು ಆಗುವುದಿಲ್ಲ. ಆಗುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕಾಪುವಿನ ನೇರ ರಸ್ತೆಯಲ್ಲಿ, ಟಾಪ್ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿ ಹತ್ತು ನಿಮಿಷ ಓಡಿಸಿದಾಗ. ಇಂಜಿನ್ ನಿಂತರೆ ಗೇರ್‌ನಲ್ಲಿರುವ ಹಿಂದಿನ ಚಕ್ರವೂ ನಿಲ್ಲುತ್ತದೆ, ಹಿಂದೆ ಲಾರಿ ಇರುತ್ತದೆ. ಹಳೆಯ ಎರಡು ಸ್ಟ್ರೋಕ್ ಗಾಡಿ ಓಡಿಸಿದ ಹಿರಿಯರು ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಟ್ಟುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕ್ಲಚ್ ಹಿಡಿದರೆ ಚಕ್ರ ಬಿಡುಗಡೆ. ಆಟೋಮ್ಯಾಟಿಕ್ ಸ್ಕೂಟರ್‌ನಲ್ಲಿ ಕಲಿತ ನಮ್ಮ ಕೈಗೆ ಆ ಅಭ್ಯಾಸ ಇಲ್ಲ.

ಇಳಿಜಾರಿನ ಅಪಾಯ ಇನ್ನೂ ಮೋಸದ್ದು. ಎರಡು ಸ್ಟ್ರೋಕ್ ಇಂಜಿನ್‌ಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲ್‌ಗೆ ಬೆರೆಸಿದ 2ಟಿ ಎಣ್ಣೆಯೇ ಅದರ ಉಸಿರು. ಲೀಟರಿಗೆ 20 ಮಿ.ಲೀ. ಎಂಬ ಲೆಕ್ಕದಲ್ಲಿ ಅದು ಪೆಟ್ರೋಲ್ ಜತೆಗೇ ಒಳಗೆ ಬರಬೇಕು. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಂಜಿನ್ ಬ್ರೇಕಿಂಗ್‌ನಲ್ಲಿ ಬಂದರೆ ಚಕ್ರ ಇಂಜಿನನ್ನು ಜೋರಾಗಿ ತಿರುಗಿಸುತ್ತದೆ, ಪೆಟ್ರೋಲ್ ಬರುವುದಿಲ್ಲ, ಎಣ್ಣೆಯೂ ಬರುವುದಿಲ್ಲ. ಕಂಪೆನಿಯ ಸಿಲಿಂಡರ್ ಇದನ್ನು ಒಂದಷ್ಟು ಸಹಿಸುತ್ತದೆ. ಬಿಗಿಯಾಗಿ ಕೂರಿಸಿದ ಹೊಸ ಕಿಟ್ ಸಹಿಸದಿರಬಹುದು.

ಇ20 ಬಂದ ಮೇಲೆ

ಇಲ್ಲಿಯವರೆಗಿನ ಮಾತು ಇಪ್ಪತ್ತು ವರ್ಷ ಹಿಂದೆಯೂ ನಿಜವಾಗಿತ್ತು. ಈಗ ಹೊಸದಾಗಿ ಸೇರಿದ್ದು ಪೆಟ್ರೋಲ್. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರಲ್ಲಿ ಕೆಲವು ಬಂಕ್‌ಗಳಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಬೇರೆ ಆಯ್ಕೆ ಬೇಕು ಎಂದು ಕೇಳಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಕಬ್ಬಿನ ರೈತರಿಗೆ ಆದಾಯ, ಕಚ್ಚಾ ತೈಲದ ಆಮದು ಉಳಿತಾಯ ಎಂಬ ಸರಕಾರದ ವಾದದಲ್ಲಿ ತಿರುಳಿದೆ. ಅದೇ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸ್ಪಷ್ಟನೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20-30 ಸಾವಿರ ಕಿ.ಮೀ. ಬಳಕೆಯ ನಂತರ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಕಡಿಮೆ ಎಂದಿತ್ತು.

ಆ ಮಾತನ್ನು 1985ರ ಚೇತಕ್‌ಗೆ ಹಚ್ಚಿ ಓದಬೇಕಾದವರು ನಾವೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು, ಇ20 ಮಿಶ್ರಣಕ್ಕೆ ಸುಮಾರು ಹದಿಮೂರೂವರೆ. ಹೊಸ ಗಾಡಿಯ ಫ್ಯುಯೆಲ್ ಇಂಜೆಕ್ಷನ್‌ನಲ್ಲಿ ಸೆನ್ಸರ್ ಇದನ್ನು ಗುರುತಿಸಿ ಇಂಧನ ಹೆಚ್ಚಿಸುತ್ತದೆ. ಕಾರ್ಬುರೇಟರ್‌ಗೆ ಕಣ್ಣಿಲ್ಲ, ಅದು ಹಳೆಯ ಜೆಟ್‌ನ ತೂತಿನಷ್ಟೇ ಬಿಡುತ್ತದೆ. ಫಲ, ಮಿಶ್ರಣ ತೆಳು. ಎರಡು ಸ್ಟ್ರೋಕ್‌ನಲ್ಲಿ ತೆಳು ಮಿಶ್ರಣ ಎಂದರೆ ಹೆಚ್ಚು ಬಿಸಿ. ಇದರ ಮೇಲೆ ದೊಡ್ಡ ಬೋರ್ ಕಿಟ್ ಹಾಕಿ, ಯಾವುದೋ ದೇಶದ ಹವ್ಯಾಸಿ ಬೇರೆ ಪೆಟ್ರೋಲ್‌ನಲ್ಲಿ ಹೊಂದಿಸಿದ ಜೆಟ್ ನಂಬರನ್ನು ವಿಡಿಯೊ ನೋಡಿ ಹಾಕಿದರೆ, ಮೇಲೆ ಹೇಳಿದ ಕೂದಲೆಳೆಯ ಜಾಗ ಇನ್ನೂ ಬೇಗ ಮುಗಿಯುತ್ತದೆ.

ನಮ್ಮ ಊರಿಗೆ ಮಾತ್ರ ಸೇರಿದ ಸಮಸ್ಯೆ ಬೇರೊಂದಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ. ಇಂಥಲ್ಲಿ ಹಳೆಯ ಸ್ಕೂಟರ್‌ನ ಟ್ಯಾಂಕ್ ಮುಚ್ಚಳದ ರಬ್ಬರ್ ಸಡಿಲ. ಅದರಲ್ಲೂ ನಮ್ಮ ಅನೇಕ ಸ್ಕೂಟರ್‌ಗಳು ವರ್ಷದ ಎಂಟು ತಿಂಗಳು ನಿಂತೇ ಇರುತ್ತವೆ. ಮನೆಯವರು ಮುಂಬೈಯಲ್ಲೋ ದುಬೈಯಲ್ಲೋ, ಗಾಡಿ ಕಾರ್ಕಳದ ಮನೆಯ ಚಾವಡಿಯಲ್ಲಿ ಗೋಣಿ ಹೊದ್ದು. ಎಥನಾಲ್ ಹಿಡಿಯಬಲ್ಲಷ್ಟು ನೀರಿಗಿಂತ ಹೆಚ್ಚಾದರೆ ನೀರು-ಎಥನಾಲ್ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. 2ಟಿ ಎಣ್ಣೆ ಮೇಲಿನ ಪೆಟ್ರೋಲ್ ಜತೆ ಉಳಿಯುತ್ತದೆ. ಟ್ಯಾಂಕ್‌ನ ನಲ್ಲಿ ಇರುವುದು ತಳದಲ್ಲಿ. ರಜೆಗೆ ಬಂದವರು ಕಿಕ್ ಹೊಡೆದಾಗ ಇಂಜಿನ್‌ಗೆ ಮೊದಲು ಸಿಗುವುದು ಎಣ್ಣೆಯಿಲ್ಲದ ಆ ದ್ರವ. ಗಾಡಿ ಹಿಡಿಯಿತು, ಪಿಸ್ಟನ್ ಡೂಪ್ಲಿಕೇಟ್ ಎಂದು ಮೆಕ್ಯಾನಿಕ್‌ನ ಮೇಲೆ ಜಗಳ. ಹೀಗೆ ಬೈಸಿಕೊಂಡ ಪಿಸ್ಟನ್‌ಗಳಲ್ಲಿ ಎಷ್ಟೋ ನಿರಪರಾಧಿಗಳಿರಬಹುದು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಹಳೆಯ ಸ್ಕೂಟರ್‌ಗೆ ಈಗ ಹಣ ಹಾಕಬೇಕಾದ ಜಾಗ ಬೋರ್ ಅಲ್ಲ. ಎಥನಾಲ್ ತಡೆಯುವ ಪೆಟ್ರೋಲ್ ಪೈಪ್, ಕಾರ್ಬುರೇಟರ್‌ನ ಗ್ಯಾಸ್ಕೆಟ್, ಫ್ಲೋಟ್ ಪಿನ್, ನಲ್ಲಿಯ ವಾಷರ್, ಕ್ರ್ಯಾಂಕ್‌ನ ಎರಡು ಬದಿಯ ಆಯಿಲ್ ಸೀಲ್. ಸೀಲ್ ಒಣಗಿ ಬಿರುಕು ಬಿಟ್ಟರೆ ಅಲ್ಲಿಂದಲೂ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇವೆಲ್ಲ ಸೇರಿದರೂ ಒಂದು ಕಿಟ್‌ನ ಬೆಲೆಯ ಸಣ್ಣ ಭಾಗ. ಮೇನ್ ಜೆಟ್ ಒಂದು ಸೈಜು ಮೇಲೆ ಹಾಕಿ, ಸ್ವಲ್ಪ ದೂರ ಪೂರ್ತಿ ವೇಗದಲ್ಲಿ ಓಡಿಸಿ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವ ಹಳೆಯ ಪದ್ಧತಿ ಈಗಲೂ ಕೆಲಸ ಮಾಡುತ್ತದೆ: ಕಂದು ಸರಿ, ಬಿಳಿಚಿಕೊಂಡಿದ್ದರೆ ತೆಳು. ನಿಲ್ಲಿಸಿ ಹೋಗುವಾಗ ಟ್ಯಾಂಕ್ ಖಾಲಿ ಮಾಡಿ ಹೋಗುವುದು ಖರ್ಚೇ ಇಲ್ಲದ ಟ್ಯೂನಿಂಗ್. ಮಣಿಪಾಲದ ಏರಿನಲ್ಲಿ ಕಳೆದುಹೋದ ಶಕ್ತಿಯಲ್ಲಿ ಒಂದಷ್ಟು, ಸವೆದ ರಿಂಗ್ ಮತ್ತು ಕರಿ ಕಟ್ಟಿದ ಸೈಲೆನ್ಸರ್‌ನಲ್ಲೇ ಇರುತ್ತದೆ. ಸೈಲೆನ್ಸರ್ ಸುಟ್ಟು ಕರಿ ತೆಗೆಸಿದರೆ ಚೇತಕ್ ಬೇರೆಯೇ ಗಾಡಿಯಂತೆ ಏಳುವುದನ್ನು ಹಳೆಯ ಮೆಕ್ಯಾನಿಕ್‌ಗಳೆಲ್ಲ ಬಲ್ಲರು.

ಕಾನೂನು ಏನು ಹೇಳುತ್ತದೆ

ಇದರಲ್ಲಿ ಉದ್ದದ ಮಾತು ಬೇಡ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಇಂಥ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಮಾರ್ಪಾಡಿಗೆ 5000 ರೂ. ದಂಡ, ಅಥವಾ ಎರಡೂ. ಆರ್‌ಸಿಯಲ್ಲಿ ಸಿಸಿ ಎಷ್ಟು ಎಂದು ಬರೆದೇ ಇರುತ್ತದೆ. ರಾಜ್ಯದ ಹಲವೆಡೆ ಪೊಲೀಸರು ಕಿತ್ತ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಓಡಿಸಿದ್ದನ್ನು ನಾವು ನೋಡಿದ್ದೇವೆ. ಸಿಲಿಂಡರ್ ಸದ್ದು ಮಾಡುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯ ಇರುತ್ತದೆ.

ಆ ಧೈರ್ಯ ಕೈಕೊಡುವುದು ಅಪಘಾತದ ದಿನ. ದ್ವಿಚಕ್ರ ವಾಹನಗಳ ಥರ್ಡ್ ಪಾರ್ಟಿ ವಿಮೆಯ ಕಂತು ಸಿಸಿ ಮೇಲೆ ನಿಂತಿದೆ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗೆ 714 ರೂ., 150 ದಾಟಿದರೆ 1366 ರೂ. 145 ಸಿಸಿಯ ಚೇತಕ್ ಮೊದಲ ಸಾಲಿನಲ್ಲಿದೆ. 177ರ ಕಿಟ್ ಹಾಕಿದ ಕ್ಷಣ ಅದು ಎರಡನೇ ಸಾಲಿನ ಗಾಡಿ, ಕಟ್ಟಿದ ಕಂತು ಮಾತ್ರ ಮೊದಲ ಸಾಲಿನದ್ದು. ವಿಮಾ ಕಂಪೆನಿಗೆ ಹೇಳದೆ ಮುಚ್ಚಿಟ್ಟ ಮಾರ್ಪಾಡು ಎಂದು ತಕರಾರು ತೆಗೆಯಲು ಇಷ್ಟು ಸಾಕು.

ನವೀಕರಣಕ್ಕೆ ಹೋದಾಗಲೂ ಲೆಕ್ಕ ಬೆಳೆದಿದೆ. ಹದಿನೈದು ವರ್ಷ ದಾಟಿದ ದ್ವಿಚಕ್ರ ವಾಹನದ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 300 ರೂ.ನಿಂದ 1000 ರೂ. ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 2000 ರೂ. ಇಲ್ಲೊಂದು ತಮಾಷೆ ಇದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ವಾಹನಕ್ಕೆ ವಿಶೇಷ ನಂಬರ್ ಕೊಡುತ್ತದೆ. ನೋಂದಣಿಗೆ 20 ಸಾವಿರ ರೂ., ಅವಧಿ ಹತ್ತು ವರ್ಷ, ದಿನನಿತ್ಯ ಓಡಿಸುವಂತಿಲ್ಲ. ಷರತ್ತು: ವಾಹನ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಇಂಜಿನ್ ಮಾರ್ಪಾಡಾಗಿರಬಾರದು. ಮೊದಲ ವರ್ಷಗಳ ಚೇತಕ್‌ಗಳಿಗೆ ಈಗಾಗಲೇ ಐವತ್ತು ತುಂಬಿದೆ. ಇಂದು ಉತ್ಸಾಹದಲ್ಲಿ ಕೇಸಿಂಗ್‌ನ ಪೋರ್ಟ್ ಅರೆದು ಅಗಲ ಮಾಡಿದವರು, ನಾಳೆ ಆ ಬಾಗಿಲು ತಟ್ಟುವಂತಿಲ್ಲ. ಸಿಲಿಂಡರ್ ಬಿಚ್ಚಿ ಹಳೆಯದನ್ನು ಹಾಕಬಹುದು, ಅರೆದ ಲೋಹ ವಾಪಸ್ ಬಾರದು. ಅಂದ ಹಾಗೆ, ಏನೇ ಹಾಕಿದರೂ ಕಂಪೆನಿಯ ಮೂಲ ಸಿಲಿಂಡರ್, ಹೆಡ್, ಕಾರ್ಬುರೇಟರ್ ಯಾವುದನ್ನೂ ಗುಜರಿಗೆ ಕೊಡಬೇಡಿ. ಎಣ್ಣೆ ಸವರಿ ಪೇಪರಿನಲ್ಲಿ ಸುತ್ತಿ ಇಡಿ.

ಬಿಲ್ ಕೇಳುವ ಅಭ್ಯಾಸ

ಸ್ಟಾಕ್ ಸೈಜಿನ ಪಿಸ್ಟನ್ ಕೊಳ್ಳುವಾಗಲೂ ಮೋಸ ಹೋಗಬಹುದಲ್ಲ ಎಂದರೆ, ಹೌದು. ಹೆಲ್ಮೆಟ್ ಮೇಲೆ ಐಎಸ್‌ಐ ಮುದ್ರೆ ನೋಡಿದಂತೆ ಒಂದೇ ನೋಟಕ್ಕೆ ನೋಡಿ ನಂಬಬಹುದಾದ ಗುರುತು ಹಳೆ ಸ್ಕೂಟರಿನ ಕಿಟ್ ಮೇಲೆ ಸಿಗುವುದಿಲ್ಲ. ಉಳಿದ ದಾರಿ, ಬಿಲ್. "ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇನೆ" ಎಂಬ ಮಾತಿಗೆ ನಾವೆಲ್ಲ ಕರಗುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ ಇಲ್ಲದೆ ಉಳಿಯುವ ಹಣ ಮೊದಲಿಗಿಂತ ಕಡಿಮೆ. ಬಿಲ್‌ನಲ್ಲಿ ಕಂಪೆನಿಯ ಹೆಸರು, ಸೈಜು ಬರೆಸಿದರೆ ಅಂಗಡಿಯವರೂ ಎರಡನೇ ಪೆಟ್ಟಿಗೆ ತೆಗೆದು ಕೊಡುವುದುಂಟು.

ದಿಲ್ಲಿಯಿಂದ ಆನ್‌ಲೈನ್‌ನಲ್ಲಿ ತರಿಸಿದ ಮಾಲು ಕೆಟ್ಟರೆ ದಿಲ್ಲಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಕೊಂಡವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂ.ವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಕೊಡಬೇಕು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಆದರೆ ದೂರು ಗೆಲ್ಲಲು ಪಿಸ್ಟನ್ ಹಾಕುವ ಮೊದಲು ಎಷ್ಟು ಅಳತೆ ಇತ್ತು, ಬೋರ್ ಎಷ್ಟಿತ್ತು ಎಂಬುದು ಎಲ್ಲಾದರೂ ಬರೆದಿರಬೇಕು. ಹೆಚ್ಚಿನ ಗ್ಯಾರೇಜ್‌ಗಳಲ್ಲಿ ಅದು ಇರುವುದಿಲ್ಲ. ಮೆಕ್ಯಾನಿಕ್‌ರ ಬೆರಳಿನ ಅನುಭವ ದೊಡ್ಡದೇ, ಆಯೋಗದ ಮುಂದೆ ಬೆರಳು ಸಾಕ್ಷಿ ಹೇಳುವುದಿಲ್ಲ.

ಕೆಲಸ ಹುಡುಕುತ್ತಿರುವವರು ಗಮನಿಸಬೇಕಾದ ಜಾಗ ಇದು ಎಂದು ನನಗೆ ಅನಿಸುತ್ತದೆ. ಚೇತಕ್ ಬಿಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಐಟಿಐಯಲ್ಲಿ ದ್ವಿ ಮತ್ತು ತ್ರಿಚಕ್ರ ವಾಹನ ಮೆಕ್ಯಾನಿಕ್ ಎಂಬ ಟ್ರೇಡ್ ಇದೆ. ಅಲ್ಲಿ ಕಲಿತವರು ಒಬ್ಬ ಹಳೆಯ ಮೆಕ್ಯಾನಿಕ್ ಬಳಿ ಒಂದು ವರ್ಷ ಕೂತು, ಒಂದು ಮೈಕ್ರೋಮೀಟರ್, ಒಂದು ಬೋರ್ ಗೇಜ್, ಒಂದು ಫೀಲರ್ ಗೇಜ್ ಕೊಂಡು, ಪ್ರತಿ ಇಂಜಿನ್‌ಗೂ ಅಳತೆಯ ಚೀಟಿ ಬರೆದು ಕೊಡಲು ಶುರು ಮಾಡಿದರೆ, ಉಡುಪಿಯಲ್ಲಿ ಮಾತ್ರವಲ್ಲ, ಮಂಗಳೂರಿನಿಂದಲೂ ಗಾಡಿ ಬರಬಹುದು. ಹಳೆಯ ಸ್ಕೂಟರ್ ಇಟ್ಟುಕೊಂಡವರು ಕಡಿಮೆ ಖರ್ಚಿಗಿಂತ ನಂಬಿಕೆಗೆ ಹಣ ಕೊಡುವ ಜನ.

ಇಂಜಿನಿಯರಿಂಗ್ ಓದುವವರಿಗೂ ಒಂದು ಮಾತು. ನಿಟ್ಟೆ, ಬಂಟಕಲ್ಲು, ಮಣಿಪಾಲ, ಮೂರೂ ಕಡೆ ಮೆಕ್ಯಾನಿಕಲ್ ಓದುವವರು ಮಾಪನ ಪ್ರಯೋಗಾಲಯದಲ್ಲಿ ಅದೇ ಹಳೆಯ ಮಾದರಿ ತುಂಡುಗಳನ್ನು ಅಳೆದು ರೆಕಾರ್ಡ್ ಪುಸ್ತಕ ತುಂಬಿಸುತ್ತಾರೆ. ಅದರ ಬದಲು ಉಡುಪಿ, ಕಾಪು, ಕಾರ್ಕಳದ ಅಂಗಡಿಗಳಿಂದ ಬೇರೆ ಬೇರೆ ಪೆಟ್ಟಿಗೆಯ ಹತ್ತು ಚೇತಕ್ ಪಿಸ್ಟನ್ ತಂದು, ತಣ್ಣಗಿದ್ದಾಗ ಒಮ್ಮೆ, ಓವನ್‌ನಲ್ಲಿ 150 ಡಿಗ್ರಿ ಬಿಸಿ ಮಾಡಿ ಒಮ್ಮೆ ವ್ಯಾಸ ಅಳೆದರೆ, ಯಾವುದು ಎಷ್ಟು ಹಿಗ್ಗುತ್ತದೆ ಎಂಬ ಪಟ್ಟಿ ಸಿಗುತ್ತದೆ. ತಲೆಗೂದಲಿಗಿಂತ ಸಣ್ಣ ಆ ವ್ಯತ್ಯಾಸ ಹೆಸರು ಸಮೇತ ಕಾಗದದ ಮೇಲೆ ಬರುತ್ತದೆ. ಹತ್ತು ಪಿಸ್ಟನ್, ಎರಡು ವಾರ, ಒಂದು ಮಿನಿ ಪ್ರಾಜೆಕ್ಟ್. ಪಟ್ಟಿಯ ಒಂದು ಪ್ರತಿ ಗ್ಯಾರೇಜ್‌ನ ಗೋಡೆಗೆ ಅಂಟಿಸಲು ಸಿಕ್ಕರೆ ಬೇಡ ಎನ್ನುವ ಮೆಕ್ಯಾನಿಕ್ ಇರಲಾರರು.